ನೆಲಮಾಳಿಗೆಯ ಗರಡಿ

ವ್ಯಾಯಾಮವೆಂದರೆ ಶರೀರವೆಂಬ ಯಂತ್ರವನ್ನು ಅದರ ಪೂರ್ಣ ಸಾಮರ್ಥ್ಯದ ಸಮೀಪಕ್ಕೆ ಕೊಂಡೊಯ್ದು ನಡೆಸುವ ಕಾರ್ಯ. ಯಾವ ಯಂತ್ರವನ್ನೇ ಆಗಲಿ ಹಾಗೆ ನಡೆಸಬೇಕಾದರೆ ಅದಕ್ಕೆ ಗಾಳಿ ಒದಗಬೇಕು, ಅದರಲ್ಲಿ ಹುಟ್ಟಿದ ಶಾಖ ಹೊರಹೋಗಬೇಕು, ಅದು ನಿಂತಿರುವ ನೆಲ ಅದರ ಪೆಟ್ಟನ್ನು ತಾಳಬೇಕು. ಇಷ್ಟು ಸರಳವಾದ ಸಂಗತಿಯನ್ನು ಕಾರ್ಖಾನೆ ಕಟ್ಟುವವರು ಮರೆಯುವುದಿಲ್ಲ. ಮನೆಯಲ್ಲಿ ವ್ಯಾಯಾಮಶಾಲೆ ಕಟ್ಟುವವರು ಮಾತ್ರ ಮರೆಯುತ್ತಾರೆ. ಅವರು ಮೊದಲು ವಿಚಾರಿಸುವುದು ಸಲಕರಣೆಗಳ ಬೆಲೆಯನ್ನು, ಆಮೇಲೆ ಕೊಠಡಿಯ ಅಳತೆಯನ್ನು. ಗಾಳಿಯ ಮಾತು ಬರುವುದು ಕೊನೆಗೆ, ಅದೂ ಬಂದರೆ. ಈ ಕ್ರಮವು ತಲೆಕೆಳಗಾದುದೆಂದು ನಮ್ಮ ಅಭಿಪ್ರಾಯ. ಅದರಲ್ಲಿಯೂ ವ್ಯಾಯಾಮಶಾಲೆಯನ್ನು ನೆಲಮಾಳಿಗೆಯಲ್ಲಿ ಮಾಡಬೇಕೆಂಬ ಇಚ್ಛೆಯುಳ್ಳವರಿಗೆ ಈ ತಪ್ಪು ಬಹು ದುಬಾರಿಯಾಗಿ ಪರಿಣಮಿಸುವುದು.

ನೆಲಮಾಳಿಗೆಯ ಯೋಚನೆ ಎಲ್ಲಿಂದ ಬರುತ್ತದೆಂಬುದನ್ನು ತಿಳಿಯಲು ಕಲಬುರಗಿ ಜಿಲ್ಲೆಯ ಚಿಂಚೋಳಿ ತಾಲೂಕಿನ ಸುಲೇಪೇಟವನ್ನೇ ನಿದರ್ಶನವಾಗಿ ತೆಗೆದುಕೊಳ್ಳೋಣ. ಇದು ತೊಗರಿ, ಜೋಳಗಳ ಸೀಮೆ. ಏಪ್ರಿಲ್, ಮೇ ತಿಂಗಳುಗಳಲ್ಲಿ ಇಲ್ಲಿ ನಡುಹಗಲಿನ ಉಷ್ಣತೆ ೪೦ ಡಿಗ್ರಿ ಸೆಂಟಿಗ್ರೇಡನ್ನು ದಾಟುವುದು ಸಾಮಾನ್ಯ. ಸೇಡಂ, ಚಿತ್ತಾಪುರ, ವಾಡಿ, ಶಹಾಬಾದಗಳ ಕಡೆಗೆ ನೆಲದಲ್ಲಿ ಸುಣ್ಣಕಲ್ಲಿನ ಪದರಗಳಿವೆ. ಪದರಪದರವಾಗಿ ಸೀಳುವ ಆ ಕಲ್ಲೇ ಊರೂರುಗಳ ಮನೆಗಳ ನೆಲಕ್ಕೂ ಗೋಡೆಗೂ ಒದಗುವ ಶಹಾಬಾದ ಫರಸಿ. ದಖ್ಖನ್ನಿನ ಲಾವಾಶಿಲೆ ಸವೆದು ಆದ ಎರೆಮಣ್ಣು ಹೊಲಗಳನ್ನು ಆವರಿಸಿದೆ. ಹಗಲೆಲ್ಲ ಕಾದ ಕಲ್ಲಿನ ಗೋಡೆಯೂ ಮಾಳಿಗೆಯೂ ರಾತ್ರಿಯೆಲ್ಲ ಶಾಖವನ್ನು ಒಳಕ್ಕೆ ಬಿಡುತ್ತಿರುವಾಗ, ನೆಲದೊಳಗೆ ಇಳಿದರೆ ತಂಪಾಗಿರುವುದಲ್ಲವೆ ಎಂಬ ವಿಚಾರ ಯಾರಿಗಾದರೂ ಹೊಳೆಯುವಂಥದೇ.

ಆ ವಿಚಾರ ಹೊಸದೂ ಅಲ್ಲ. ಹಳೆಯ ಮೈಸೂರಿನವರು ಗರಡಿಮನೆ ಎನ್ನುವುದನ್ನು, ೧೯೪೮ರವರೆಗೆ ನಿಜಾಮರ ಸಂಸ್ಥಾನಕ್ಕೆ ಸೇರಿದ್ದ ಈ ಭಾಗದಲ್ಲಿ ತಾಲೀಮು ಎನ್ನುತ್ತಾರೆ. ಹಳೆಯ ಗರಡಿಗಳಲ್ಲಿ ಅನೇಕವು ಹೊರಗಿನ ನೆಲಮಟ್ಟಕ್ಕಿಂತ ತಗ್ಗಾದವು. ಬಾಗಿಲು ಗಿಡ್ಡ, ಒಳಗೆ ಮಂದವಾದ ಬೆಳಕು, ನಡುವೆ ಕೆಂಪು ಮಣ್ಣಿನ ಮಟ್ಟಿ. ಇರಾನ್ ದೇಶದ ಜೂರ್‌ಖಾನೆಗಳೂ ಇಂತಹವೇ. ಅಲ್ಲಿಯೂ ಕಟ್ಟಡ ನೆಲದಲ್ಲಿ ಸ್ವಲ್ಪ ಹೂತಿರುತ್ತದೆ. ಬಾಗಿಲು ಬಗ್ಗಿ ನಡೆಯುವಷ್ಟು ಗಿಡ್ಡ. ನಡುವೆ ಎಂಟು ಮೂಲೆಯ ತಗ್ಗು ಅಂಕಣ. ಸಾಧಕರು ತಿರುಗಿಸುವ ಮರದ ಗದೆಗಳಿಗೂ ನಮ್ಮ ಕರಲಾಕಟ್ಟೆ, ಮುದ್ಗರಗಳಿಗೂ ಹತ್ತಿರದ ಹೋಲಿಕೆ. ಯುನೆಸ್ಕೋ ಸಂಸ್ಥೆಯು ೨೦೧೦ರಲ್ಲಿ ಈ ಇರಾನೀ ಸಂಪ್ರದಾಯವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಮ್ಮ ಗದೆಗಳನ್ನು ನೋಡಿ ಕಲಿತ ಬ್ರಿಟಿಷ್ ಸಿಪಾಯಿಗಳು ಅವುಗಳನ್ನು ಯೂರೋಪಿಗೆ ಒಯ್ದರು. ಗದೆ ತಿರುಗಿಸುವುದು ೧೯೦೪ ಮತ್ತು ೧೯೩೨ರ ಒಲಿಂಪಿಕ್ ಕ್ರೀಡೆಗಳಲ್ಲಿ ಒಂದು ಸ್ಪರ್ಧೆಯೇ ಆಗಿತ್ತು. ಸುಲೇಪೇಟಕ್ಕೆ ಬಹು ದೂರವಲ್ಲದ ಕಲ್ಯಾಣದಲ್ಲಿ ಆಳಿದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ 'ಮಾನಸೋಲ್ಲಾಸ'ದಲ್ಲಿ ಮಲ್ಲರಿಗೆಂದೇ ಒಂದು ಪ್ರಕರಣವುಂಟು. ಭಾರವೆತ್ತುವುದು, ನಡೆಯುವುದು, ಈಜುವುದು, ಕಂಬವನ್ನೇರುವುದು ಇವೆಲ್ಲವನ್ನೂ ಆ ಗ್ರಂಥ ಬೇರೆಬೇರೆ ಶ್ರಮಗಳಾಗಿ ವಿಂಗಡಿಸಿದೆ. ಹೀಗೆ ವ್ಯಾಯಾಮವನ್ನು ಶಾಸ್ತ್ರವಾಗಿ ನೋಡುವ ರೂಢಿ ಈ ನೆಲಕ್ಕೆ ಹೊರಗಿನಿಂದ ಬಂದುದಲ್ಲ. ವ್ಯಾಯಾಮಶಾಲೆಯ ಕಟ್ಟಡವನ್ನೂ ಹಾಗೆಯೇ ನೋಡಬೇಕೆಂಬುದು ನಮ್ಮ ವಾದ.

ನೆಲದೊಳಗೆ ತಂಪೇಕೆ? ಇದನ್ನು ಮೊದಲು ಸ್ಪಷ್ಟಮಾಡಿಕೊಳ್ಳಬೇಕು. ಸೂರ್ಯನ ಶಾಖ ಅಲೆಯಂತೆ ಮಣ್ಣಿನೊಳಕ್ಕೆ ಇಳಿಯುತ್ತದೆ. ಹಗಲು-ರಾತ್ರಿಗಳ ಏರಿಳಿತ ಒಂದು ಅಲೆ. ಬೇಸಿಗೆ-ಚಳಿಗಾಲಗಳ ಏರಿಳಿತ ಇನ್ನೊಂದು. ಒಳಕ್ಕೆ ಹೋದಂತೆ ಎರಡೂ ಕ್ಷೀಣಿಸುತ್ತವೆ. ಆದರೆ ಒಂದೇ ಪ್ರಮಾಣದಲ್ಲಿ ಅಲ್ಲ. ಸಾಧಾರಣ ಮಣ್ಣಿನಲ್ಲಿ ದಿನದ ಅಲೆ ಸುಮಾರು ೧೨ ಸೆಂಟಿಮೀಟರು ಆಳದಲ್ಲಿಯೇ ಮೂರನೆಯ ಒಂದು ಭಾಗದಷ್ಟಕ್ಕೆ ಇಳಿಯುತ್ತದೆ. ಅರ್ಧ ಮೀಟರು ದಾಟಿದರೆ ಅದರ ಗುರುತೇ ಉಳಿಯುವುದಿಲ್ಲ. ವರ್ಷದ ಅಲೆಯಾದರೋ ಅಷ್ಟೇ ಕ್ಷೀಣಿಸಬೇಕಾದರೆ ಎರಡು ಮೀಟರಿಗೂ ಮಿಕ್ಕಿದ ಆಳ ಬೇಕು. ಅಲ್ಲಿಗೆ ತಲಪುವಷ್ಟರಲ್ಲಿ ಅದು ಎರಡು ತಿಂಗಳಷ್ಟು ತಡವಾಗಿರುತ್ತದೆ. ಮೇ ತಿಂಗಳ ಬೇಗೆ ಆ ಆಳವನ್ನು ಮುಟ್ಟುವುದು ಜುಲೈಯಲ್ಲಿ. ಆ ವೇಳೆಗೆ ಮೇಲೆ ಮಳೆ ಸುರಿಯುತ್ತಿರುತ್ತದೆ.

ಈ ಲೆಕ್ಕದಿಂದ ಹೊರಡುವ ತೀರ್ಮಾನವನ್ನು ವಿದ್ಯಾರ್ಥಿಗಳು ಗಮನಿಸಬೇಕು. ನಡುಹಗಲಿನ ಉರಿಯಿಂದ ಪಾರಾಗಲು ಮೂರು ಮೀಟರು ಅಗೆಯಬೇಕಾದ ಅವಶ್ಯಕತೆಯೇ ಇಲ್ಲ. ಸೊಂಟದ ಮಟ್ಟದಿಂದ ಎದೆಯ ಮಟ್ಟದವರೆಗೆ ಮಣ್ಣಿನ ಆಸರೆಯಿದ್ದರೆ ದಿನದ ಅಲೆ ಗೋಡೆಯ ಆ ಭಾಗವನ್ನು ಮುಟ್ಟಲಾರದು. ಹಳೆಯ ಗರಡಿಗಳವರು ಸೂತ್ರ ಬರೆದು ಲೆಕ್ಕ ಹಾಕಿದವರಲ್ಲ. ಆದರೂ ನಾಲ್ಕಾರು ಅಡಿ ತಗ್ಗಿಗೆ ನಿಂತರು. ಅದಕ್ಕಿಂತ ಆಳಕ್ಕೆ ಹೋದವನು ತಂಪಿನಲ್ಲಿ ಸ್ವಲ್ಪವನ್ನೇ ಗಳಿಸಿ, ಕಷ್ಟದಲ್ಲಿ ಬಹಳವನ್ನು ಕೊಳ್ಳುತ್ತಾನೆ.

ಆ ಕಷ್ಟಗಳಲ್ಲಿ ಮೊದಲನೆಯದು ಮಣ್ಣಿನ ಒತ್ತಡ. ಗೋಡೆಯನ್ನು ಪಕ್ಕದಿಂದ ತಳ್ಳುವ ಮಣ್ಣಿನ ಒಟ್ಟು ಬಲ ಆಳದ ವರ್ಗಕ್ಕೆ ಅನುಗುಣವಾಗಿ ಬೆಳೆಯುತ್ತದೆ. ಮೂರು ಮೀಟರು ಆಳದ ಗೋಡೆಯ ಮೇಲಿನ ನೂಕುಬಲಕ್ಕಿಂತ ಒಂದೂವರೆ ಮೀಟರು ಆಳದ ಗೋಡೆಯ ಮೇಲಿನ ನೂಕುಬಲ ನಾಲ್ಕನೆಯ ಒಂದು ಪಾಲು ಮಾತ್ರ; ಗೋಡೆಯನ್ನು ಬುಡದಿಂದ ಒಳಕ್ಕೆ ಉರುಳಿಸಲು ನೋಡುವ ಪ್ರವೃತ್ತಿ ಎಂಟನೆಯ ಒಂದು ಪಾಲು ಮಾತ್ರ. ಇದು ಎಲ್ಲ ಮಣ್ಣಿಗೂ ಅನ್ವಯಿಸುವ ಮಾತು. ಎರೆಮಣ್ಣಿನದು ಇನ್ನೂ ಒಂದು ಕೈ ಮೇಲು. ಅದರಲ್ಲಿರುವ ಜೇಡಿಯ ಕಣಗಳು ಪದರಗಳ ನಡುವೆ ನೀರನ್ನು ಹೀರಿ ಉಬ್ಬುತ್ತವೆ, ಒಣಗಿದಾಗ ಕುಗ್ಗುತ್ತವೆ. ಬೇಸಿಗೆಯಲ್ಲಿ ಎರೆಹೊಲ ಬಾಯಿಬಿಟ್ಟು ಬಿರಿಯುವುದನ್ನೂ ಮಳೆಗಾಲದಲ್ಲಿ ಅದೇ ನೆಲ ಉಬ್ಬಿ ಮುಚ್ಚಿಕೊಳ್ಳುವುದನ್ನೂ ಈ ಸೀಮೆಯ ಯಾವ ರೈತನ ಮಗನಿಗೂ ಹೇಳಿಕೊಡಬೇಕಾಗಿಲ್ಲ. ಆ ಉಬ್ಬುವ ಬಲ ನೆಲಮಾಳಿಗೆಯ ಗೋಡೆಯ ಮೇಲೆ ವರ್ಷವರ್ಷವೂ ಬೀಳುತ್ತದೆ. ಆದುದರಿಂದ ಗೋಡೆಯ ಹೊರಬದಿಗೆ ಎರೆಮಣ್ಣನ್ನು ತಿರುಗಿ ತುಂಬಬಾರದು. ಮೊರಮ್ಮು, ಜಲ್ಲಿಗಳನ್ನು ತುಂಬಿ, ಬುಡದಲ್ಲಿ ನೀರು ಹರಿದುಹೋಗುವ ಕೊಳವೆಯನ್ನಿಡಬೇಕು.

ಎರಡನೆಯದು ನೀರು. ಹೊರಗಿನ ನೀರು ಕೊಠಡಿಯ ನೆಲಕ್ಕಿಂತ ಒಂದು ಮೀಟರು ಮೇಲೆ ನಿಂತರೆ, ನೆಲದ ಪ್ರತಿ ಚದರ ಮೀಟರನ್ನೂ ಕೆಳಗಿನಿಂದ ಒಂದು ಟನ್ನಿನ ಬಲ ಮೇಲಕ್ಕೆತ್ತುತ್ತದೆ. ತೆಳುವಾದ ಫರಸಿಗಳಿಗೆ ಇದನ್ನು ತಡೆಯುವ ಶಕ್ತಿಯಿಲ್ಲ. ಸುಣ್ಣಕಲ್ಲಿನ ನೆಲವಾದರೆ ಕಲ್ಲಿನ ಬಿರುಕುಗಳೇ ನೀರಿಗೆ ಹಾದಿ. ಬಾವಿಯಲ್ಲಿ ಶ್ರಾವಣದ ನೀರು ಎಲ್ಲಿಯವರೆಗೆ ಏರುವುದೆಂಬುದನ್ನು ನೋಡದೆ ನೆಲಮಾಳಿಗೆ ಅಗೆಯುವವನು ವ್ಯಾಯಾಮಶಾಲೆಯನ್ನು ಕಟ್ಟಹೋಗಿ ಹೊಂಡವನ್ನು ಕಟ್ಟಿಯಾನು.

ಇಷ್ಟಾದರೂ ಇವು ಹಣದಿಂದ ಪರಿಹಾರವಾಗುವ ಕಷ್ಟಗಳು. ಮನುಷ್ಯನ ಪ್ರಾಣಕ್ಕೆ ಸಂಬಂಧಿಸಿದುದು ಗಾಳಿಯ ಪ್ರಶ್ನೆ. ಒಂದು ಲೆಕ್ಕ ಮಾಡಿ ನೋಡೋಣ. ನಾಲ್ಕು ಮೀಟರು ಉದ್ದ, ಮೂರು ಮೀಟರು ಅಗಲ, ಎರಡೂವರೆ ಮೀಟರು ಎತ್ತರದ ಕೊಠಡಿಯಲ್ಲಿ ೩೦ ಘನ ಮೀಟರು, ಎಂದರೆ ೩೦,೦೦೦ ಲೀಟರು ಗಾಳಿಯಿರುತ್ತದೆ. ಅಲ್ಲಿ ಇಬ್ಬರು ಯುವಕರು ಬಾಗಿಲು ಮುಚ್ಚಿ ದಂಡ, ಬೈಠಕ್ಕುಗಳನ್ನು ಹುರುಪಿನಿಂದ ಹೊಡೆಯುತ್ತಾರೆನ್ನಿ. ಒಬ್ಬೊಬ್ಬನೂ ನಿಮಿಷಕ್ಕೆ ಸುಮಾರು ಒಂದೂವರೆ ಲೀಟರು ಇಂಗಾಲದ ಡೈಆಕ್ಸೈಡನ್ನು ಹೊರಬಿಡುತ್ತಾನೆ. ಒಂದು ಗಂಟೆಗೆ ಇಬ್ಬರಿಂದಲೂ ೧೮೦ ಲೀಟರು. ಹೊರಗಿನ ಗಾಳಿಯಲ್ಲಿ ಹತ್ತು ಲಕ್ಷ ಪಾಲಿಗೆ ೪೨೦ ಪಾಲಿನ ಆಸುಪಾಸಿನಲ್ಲಿರುವ ಈ ಅನಿಲ ಆ ಕೊಠಡಿಯಲ್ಲಿ ೬,೦೦೦ವನ್ನು ಮೀರಿ ನಿಲ್ಲುತ್ತದೆ. ಕಾರ್ಖಾನೆಯ ಕೆಲಸಗಾರನಿಗೆ ಎಂಟು ಗಂಟೆಗಳ ಸರಾಸರಿಯಾಗಿ ಒಪ್ಪಲಾಗಿರುವ ಮಿತಿ ೫,೦೦೦. ತಲೆಭಾರ, ಮಂಪರು, ಅಕಾಲದ ಆಯಾಸ ಇವನ್ನೆಲ್ಲ ಹುಡುಗರು ತಮ್ಮ ದೌರ್ಬಲ್ಯವೆಂದೆಣಿಸಿ ಇನ್ನೂ ಹಟದಿಂದ ಶ್ರಮಿಸಲು ಹೋಗುತ್ತಾರೆ. ದೌರ್ಬಲ್ಯ ಅವರದಲ್ಲ, ಕೊಠಡಿಯದು.

ಮುಚ್ಚಿದ ಕೊಠಡಿಯಲ್ಲಿ ಆಮ್ಲಜನಕ ಮುಗಿದುಹೋಗುತ್ತದೆಂಬ ನಂಬಿಕೆ ಸಾಮಾನ್ಯವಾಗಿದೆ. ಅದನ್ನೂ ಇಲ್ಲಿಯೇ ತಿದ್ದಬೇಕು. ಆ ಕೊಠಡಿಯ ೩೦,೦೦೦ ಲೀಟರು ಗಾಳಿಯಲ್ಲಿ ಆಮ್ಲಜನಕ ೬,೩೦೦ ಲೀಟರಿನಷ್ಟಿದ್ದು, ಇಬ್ಬರೂ ಗಂಟೆಗೆ ಬಳಸುವುದು ಅದರಲ್ಲಿ ೨೦೦ ಲೀಟರಿನಷ್ಟು ಮಾತ್ರ. ಮೊದಲು ಎದುರಾಗುವ ಕೊರತೆ ಅದಲ್ಲ; ಶಾಖ, ಬೆವರು, ಉಸಿರಿನ ಕಶ್ಮಲ ಇವುಗಳಿಗೆ ಹೊರದಾರಿ ಇಲ್ಲದಿರುವುದು. ಕಷ್ಟಪಟ್ಟು ಶ್ರಮಿಸುವ ಇಬ್ಬರ ಮೈಗಳಿಂದ ಸುಮಾರು ಒಂದು ಕಿಲೋವಾಟ್ ಶಾಖ ಹೊರಡುತ್ತದೆ. ಒಂದು ವಿದ್ಯುತ್ ಒಲೆಯನ್ನು ಹಚ್ಚಿಟ್ಟಂತೆ. ಗೋಡೆಗಳು ಏನನ್ನೂ ಹೀರದೆ ಆ ಶಾಖವೆಲ್ಲ ಗಾಳಿಗೇ ಸೇರಿದರೆ, ಸುಮಾರು ೩೬ ಸೆಕೆಂಡಿಗೊಮ್ಮೆ ಉಷ್ಣತೆ ಒಂದೊಂದು ಡಿಗ್ರಿ ಏರಬೇಕು. ಗೋಡೆಗಳು ಹೀರುತ್ತವೆ, ನಿಜ. ಆದರೆ ಅವುಗಳ ಉಪಕಾರಕ್ಕೂ ಮಿತಿಯುಂಟು.

ಬೆವರಿನ ಲೆಕ್ಕ ಇನ್ನೂ ಕೌತುಕದ್ದು. ೨೭ ಡಿಗ್ರಿಯ ಗಾಳಿ ಪ್ರತಿ ಘನ ಮೀಟರಿಗೆ ಸುಮಾರು ೨೬ ಗ್ರಾಮಿಗಿಂತ ಹೆಚ್ಚು ನೀರಾವಿಯನ್ನು ಹಿಡಿದಿಟ್ಟುಕೊಳ್ಳಲಾರದು. ನಮ್ಮ ಕೊಠಡಿಯ ಗಾಳಿಯೆಲ್ಲ ಸೇರಿ ಹಿಡಿಯಬಲ್ಲುದು ೮೦೦ ಗ್ರಾಮಿಗೂ ಕಡಿಮೆ. ಸೆಕೆಯಲ್ಲಿ ಬಿರುಸಿನಿಂದ ಶ್ರಮಿಸುವ ಒಬ್ಬನು ಗಂಟೆಗೆ ಒಂದು ಲೀಟರಿನಷ್ಟು ಬೆವರುವುದುಂಟು. ಎಂದ ಮೇಲೆ ಇಬ್ಬರ ಒಂದು ಗಂಟೆಯ ಬೆವರಿಗೆ ಆ ಕೊಠಡಿಯ ಗಾಳಿಯಲ್ಲಿ ಸ್ಥಳವೇ ಇಲ್ಲ! ಬೆವರು ಆರಿದರೆ ಮಾತ್ರ ಮೈ ತಣಿಯುತ್ತದೆ. ಒಂದು ಲೀಟರು ಬೆವರು ಆರುವಾಗ ಸುಮಾರು ೫೮೦ ಕಿಲೋಕ್ಯಾಲೊರಿ ಶಾಖವನ್ನು ಒಯ್ಯುತ್ತದೆ. ಆರದೆ ನೆಲಕ್ಕೆ ತೊಟ್ಟಿಕ್ಕಿದ ಬೆವರು ಮೈಯಿಂದ ನೀರನ್ನೂ ಉಪ್ಪನ್ನೂ ಕಸಿಯುತ್ತದೆಯೇ ಹೊರತು ತಂಪನ್ನು ಕೊಡುವುದಿಲ್ಲ. ಹೀಗಾಗಿ ಉಷ್ಣಮಾಪಕ ತೋರಿಸುವ ತಂಪು ಮೋಸದ್ದಾಗಬಹುದು. ೨೮ ಡಿಗ್ರಿಯ ಮುಚ್ಚಿದ ನೆಲಮಾಳಿಗೆಗಿಂತ ೩೨ ಡಿಗ್ರಿಯ ಗಾಳಿಯಾಡುವ ಪಡಸಾಲೆ ಶರೀರಕ್ಕೆ ಹಿತವಾಗಿದ್ದೀತು.

ಹಾಗಾದರೆ ಕಿಟಕಿಯೊಂದನ್ನಿಟ್ಟರೆ ಸಾಲದೆ? ಸಾಲದು. ಬಿಸಿಗಾಳಿ ಮೇಲೇರುತ್ತದೆಂಬ ಪಾಠವನ್ನು ನಂಬಿ ಮೇಲುಗಡೆ ಒಂದು ಕಂಡಿ ಬಿಡುವವರುಂಟು. ಆದರೆ ಬೇಸಿಗೆಯ ಹಗಲಿನಲ್ಲಿ ನೆಲಮಾಳಿಗೆಯ ಗಾಳಿ ಹೊರಗಿನ ಗಾಳಿಗಿಂತ ತಂಪು, ಆದುದರಿಂದ ಭಾರ. ಬೋಗುಣಿಯಲ್ಲಿ ನೀರು ನಿಂತಂತೆ ಅದು ಕುಳಿಯಲ್ಲಿ ನಿಂತುಬಿಡುತ್ತದೆ. ತಾನಾಗಿ ಹೊರಗೆ ಹರಿಯುವ ಕಾರಣವೇ ಅದಕ್ಕಿಲ್ಲ. ರಾತ್ರಿ ಮೂರನೆಯ ಜಾವದಿಂದ ಬೆಳಗಿನವರೆಗೆ ಸಂಗತಿ ತಿರುಗುಮುರುಗು: ಹೊರಗಿನ ಗಾಳಿಯೇ ತಂಪಾಗಿರುವಾಗ ಅದು ತಗ್ಗಿನ ಕಂಡಿಯಿಂದ ಒಳಗಿಳಿದು, ಒಳಗಿನ ಬೆಚ್ಚನೆಯ ಗಾಳಿಯನ್ನು ಮೇಲಿನ ಕಂಡಿಯಿಂದ ಹೊರದೂಡುತ್ತದೆ. ಗರಡಿಯ ಸಾಧನೆ ನಸುಕಿನಲ್ಲಿ ನಡೆಯಬೇಕೆಂಬ ಹಿರಿಯರ ನಿಯಮದಲ್ಲಿ ಶಿಸ್ತಿನಷ್ಟೇ ಭೌತವಿಜ್ಞಾನವೂ ಇದೆ. ಹಗಲಿನಲ್ಲಿ ಬಳಸುವುದಾದರೆ ಫ್ಯಾನಿನ ನೆರವು ಬೇಕೇ ಬೇಕು. ನಮ್ಮ ಲೆಕ್ಕದ ಇಬ್ಬರಿಗೆ, ಇಂಗಾಲದ ಡೈಆಕ್ಸೈಡು ಹೊರಗಿನದಕ್ಕಿಂತ ಸಾವಿರ ಪಾಲಿಗಿಂತ ಹೆಚ್ಚಾಗದಿರಬೇಕಾದರೆ, ಗಂಟೆಗೆ ೧೮೦ ಘನ ಮೀಟರು ಹೊಸ ಗಾಳಿ ಬೇಕು. ಎಂದರೆ ಗಂಟೆಗೆ ಆರು ಸಲ ಕೊಠಡಿಯ ಗಾಳಿಯೆಲ್ಲ ಬದಲಾಗಬೇಕು. ಸಾಧಾರಣ ಎಕ್ಸಾಸ್ಟ್ ಫ್ಯಾನಿಗೆ ಇದು ಅಸಾಧ್ಯವಲ್ಲ. ಆದರೆ ಹೊಸ ಗಾಳಿ ಎದುರು ಗೋಡೆಯಲ್ಲಿ, ನೆಲದ ಸಮೀಪಕ್ಕೆ ಇಳಿದ ಕೊಳವೆಯಿಂದ ಬರಬೇಕು. ಹಳೆಯದು ಚಾವಣಿಯ ಸಮೀಪದಿಂದ ಹೋಗಬೇಕು. ಚಾವಣಿಗೆ ತೂಗಿದ ಫ್ಯಾನು ಇದ್ದ ಗಾಳಿಯನ್ನೇ ಕಲಕುತ್ತದೆ. ಹೊಸ ಗಾಳಿಯನ್ನು ತರುವುದಿಲ್ಲ.

ಮಳೆಗಾಲದಲ್ಲಿ ಇನ್ನೊಂದು ಎಚ್ಚರಿಕೆ ಬೇಕು. ತೇವದಿಂದ ತುಂಬಿದ ಬೆಚ್ಚಗಿನ ಗಾಳಿ ತಂಪುಗೋಡೆಯನ್ನು ಮುಟ್ಟಿದಾಗ ನೀರು ಕಟ್ಟುತ್ತದೆ, ಬೂಸು ಬೆಳೆಯುತ್ತದೆ, ಕಬ್ಬಿಣಕ್ಕೆ ತುಕ್ಕು ಹಿಡಿಯುತ್ತದೆ. ಗೋಡೆಗೆ ಎಣ್ಣೆಬಣ್ಣ ಬಳಿದರೆ ತೇವ ಅದರ ಹಿಂದೆ ಕೂಡಿಕೊಂಡು ಚಕ್ಕೆ ಏಳಿಸುವುದು. ಸುಣ್ಣವೇ ಲೇಸು, ಅದು ತೇವವನ್ನು ಉಸಿರಾಡಗೊಡುವುದು, ಬೆಳಕನ್ನೂ ಹೆಚ್ಚಿಸುವುದು.

ಈಗ ಅತ್ಯಂತ ಗಂಭೀರವಾದ ಮಾತು. ಉತ್ತರ ಕರ್ನಾಟಕದ ಹಳೆಯ ಮನೆಗಳಲ್ಲಿಯೂ ಅಂಗಳಗಳಲ್ಲಿಯೂ ಜೋಳವನ್ನು ತುಂಬಿಡುತ್ತಿದ್ದ ಹಗೇವುಗಳುಂಟು. ಬಳಕೆ ತಪ್ಪಿದ ಹಗೇವನ್ನು ಕಂಡು, ಇದನ್ನೇ ಅಗಲಮಾಡಿ ವ್ಯಾಯಾಮದ ಕೊಠಡಿ ಮಾಡಬಾರದೇಕೆ ಎಂದು ಯೋಚಿಸುವ ಉತ್ಸಾಹಿಗಳು ಇದ್ದಾರು. ಅವರಿಗೆ ನಮ್ಮ ಉತ್ತರ ಸ್ಪಷ್ಟ: ಬೇಡ. ಕಾಳು ಜೀವಂತ ವಸ್ತು. ಅದೂ, ಅದರ ತೇವದಲ್ಲಿ ಬೆಳೆಯುವ ಬೂಸೂ ಆಮ್ಲಜನಕವನ್ನು ಬಳಸಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತವೆ. ಗಾಳಿಗಿಂತ ಒಂದೂವರೆ ಪಟ್ಟು ಭಾರವಾದ ಆ ಅನಿಲ ಇಕ್ಕಟ್ಟಾದ ಬಾಯಿಯ ಕುಳಿಯಲ್ಲಿ ನಿಂತುಬಿಡುತ್ತದೆ. ಹಗೇವಿಗೆ ಇಳಿದು ಉಸಿರುಗಟ್ಟಿ ಸತ್ತವರುಂಟು. ಅವರನ್ನು ಎತ್ತಲು ಇಳಿದು ಸತ್ತವರೂ ಉಂಟು. ದೀಪವಿಳಿಸಿ ನೋಡುವ ಹಳೆಯ ಪರೀಕ್ಷೆ ಒಳ್ಳೆಯದೇ; ದೀಪ ನಂದಿದರೆ ಇಳಿಯಲೇಬಾರದು. ಆದರೆ ದೀಪ ಉರಿದ ಮಾತ್ರಕ್ಕೆ ಅಪಾಯವಿಲ್ಲವೆಂದು ಸಿದ್ಧವಾಗುವುದಿಲ್ಲ. ಇಂಗಾಲದ ಮಾನಾಕ್ಸೈಡಿನಂತಹ ವಿಷಾನಿಲವಿದ್ದರೂ ದೀಪ ಸುಮ್ಮನೆ ಉರಿಯುತ್ತಲೇ ಇರುತ್ತದೆ. ಅದೇ ಕಾರಣದಿಂದ ನೆಲಮಾಳಿಗೆಯಲ್ಲಿ ಇದ್ದಲಿಯ ಒಲೆ, ಜನರೇಟರು ಇವು ಎಂದಿಗೂ ಇರಕೂಡದು. ಇನ್ವರ್ಟರಿನ ಸೀಸದ ಬ್ಯಾಟರಿ ತುಂಬುವಾಗ ಜಲಜನಕವನ್ನು ಬಿಡುತ್ತದೆ. ಅದರ ಸ್ಥಳವೂ ಮೇಲೆಯೇ.

ನೆಲದ ವಿಚಾರಕ್ಕೆ ಬರೋಣ. ಶಹಾಬಾದ ಫರಸಿ ಭಾರವನ್ನು ಹೊರುವುದರಲ್ಲಿ ಗಟ್ಟಿ. ಆದರೆ ಕೆಳಗೆ ಪೊಳ್ಳಿದ್ದರೆ ಪೆಟ್ಟಿಗೆ ಸೀಳುತ್ತದೆ. ೪೦ ಕಿಲೋಗ್ರಾಂ ತೂಕದ ಗುಂಡು ಒಂದು ಮೀಟರು ಎತ್ತರದಿಂದ ಬಿದ್ದರೆ ಅದರ ಶಕ್ತಿ ಸುಮಾರು ೩೯೨ ಜೌಲು. ಗಟ್ಟಿ ಕಲ್ಲಿನ ಮೇಲೆ ಬಿದ್ದು ಎರಡು ಮಿಲಿಮೀಟರಿನೊಳಗೆ ನಿಂತರೆ ಸರಾಸರಿ ಬಲ ೧,೯೬,೦೦೦ ನ್ಯೂಟನ್. ಇಪ್ಪತ್ತು ಟನ್ನಿನ ಭಾರವನ್ನಿಟ್ಟಂತೆ. ಅದೇ ಗುಂಡು ಐದು ಸೆಂಟಿಮೀಟರು ತಗ್ಗುವ ಮೆತ್ತನೆಯ ಮಣ್ಣಿನಲ್ಲಿ ನಿಂತರೆ ಬಲ ೮೦೦ ಕಿಲೋಗ್ರಾಂ ಭಾರದಷ್ಟು ಮಾತ್ರ. ಶಕ್ತಿ ಅದೇ, ಗುಂಡು ಅದೇ; ನಿಲ್ಲುವ ದೂರ ೨೫ ಪಟ್ಟಾದುದರಿಂದ ಬಲ ೨೫ರಲ್ಲಿ ಒಂದು ಪಾಲಾಯಿತು. ಎಣ್ಣೆ, ಅರಿಸಿನಗಳನ್ನು ಬೆರೆಸಿ ಹದಮಾಡಿ, ದಿನವೂ ಅಗೆದು ಸಡಿಲಿಸುವ ಗರಡಿಯ ಮಟ್ಟಿ ಇದನ್ನೇ ಸಾಧಿಸುತ್ತದೆ. ಬಿದ್ದ ಪೈಲವಾನನ ಮೂಳೆಗೂ ಇದೇ ನಿಯಮ. ಪೇಟೆಯಲ್ಲಿ ಮಾರುವ ದಪ್ಪ ರಬ್ಬರಿನ ಹಾಸುಗಳು ಒಳ್ಳೆಯವೇ. ಆದರೆ ಅವುಗಳನ್ನು ಕೊಳ್ಳಲಾರದ ವಿದ್ಯಾರ್ಥಿ ಎದೆಗುಂದಬೇಕಾಗಿಲ್ಲ. ಒಂದು ಮೂಲೆಯಲ್ಲಿ ಜರಡಿ ಹಿಡಿದ ಮಣ್ಣಿನ ಅಂಕಣವಿದ್ದರೆ ಸಾಕು.

ಹಾಗೆಯೇ ಸಲಕರಣೆಗಳ ವಿಷಯ. ದಂಡ, ಬೈಠಕ್ಕುಗಳಿಗೆ ಬೇಕಾದುದು ಆರಡಿ ನೆಲ. ಕರಲಾಕಟ್ಟೆಯನ್ನು ಬಡಗಿ ಮಾಡಿಕೊಟ್ಟಾನು. ಹಳ್ಳಿಯ ಜಾತ್ರೆಗಳಲ್ಲಿ ಎತ್ತುವ ಸಂಗ್ರಾಣಿ ಕಲ್ಲಿನ ಸಣ್ಣ ರೂಪಗಳು ಕಲ್ಲಿನ ಈ ಸೀಮೆಯಲ್ಲಿ ಅಲಭ್ಯವೆ? ಬೆಂಗಳೂರಿನಲ್ಲಿ ವ್ಯಾಯಾಮಶಾಲೆ ನಡೆಸಿ ಅಸಂಖ್ಯ ಯುವಕರನ್ನು ತಿದ್ದಿದ, 'ಶಾಂತಲಾ', 'ರೂಪದರ್ಶಿ' ಕಾದಂಬರಿಗಳ ಕರ್ತೃವೂ ಆದ ಕೆ. ವಿ. ಅಯ್ಯರ್ ಅವರು ಸೂರ್ಯನಮಸ್ಕಾರವನ್ನು ಕುರಿತೇ ಒಂದು ಪುಸ್ತಕ ಬರೆದರು. ಕಬ್ಬಿಣದ ಗುಂಡುಗಳನ್ನು ಬಲ್ಲವರು ಬರಿಯ ಮೈಯ ವ್ಯಾಯಾಮವನ್ನು ಕೀಳಾಗಿ ಕಾಣಲಿಲ್ಲ. ಕೊಠಡಿಯ ಎತ್ತರದಲ್ಲಿ ಮಾತ್ರ ಜಿಪುಣತನ ಕೂಡದು: ಕೈಯೆತ್ತಿ ಗದೆ ತಿರುಗಿಸುವವನಿಗೆ ಒಂಬತ್ತು ಅಡಿಯಾದರೂ ಬೇಕು. ಬಾಗಿಲು ಹೊರಕ್ಕೆ ತೆರೆಯುವಂತಿರಬೇಕು, ಹೊರಬೀಳಲು ಇನ್ನೊಂದು ದಾರಿಯಿರಬೇಕು, ಮೆಟ್ಟಿಲು ಜಾರಬಾರದು, ಒದ್ದೆ ನೆಲದ ಕೊಠಡಿಯಾದುದರಿಂದ ವಿದ್ಯುತ್ತು ಸೋರಿದೊಡನೆ ತಾನಾಗಿ ಕಡಿದುಹೋಗುವ ಸ್ವಿಚ್ಚನ್ನು ಹಾಕಿಸಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ಭಾರವೆತ್ತುವವನು ಒಂಟಿಯಾಗಿರಬಾರದು. ಎದೆಯ ಮೇಲೆ ನಿಂತ ಭಾರವನ್ನು ತೆಗೆಯಲು ಇನ್ನೊಬ್ಬನ ಕೈ ಬೇಕು. ನೆಲಮಾಳಿಗೆಯಿಂದ ಕೂಗಿದ ಕೂಗು ಮೇಲಿನವರಿಗೆ ಕೇಳಿಸದು.

ಇಲ್ಲಿಗೆ ನಾವು ಒಂದು ಆಕ್ಷೇಪಣೆಯನ್ನು ಎದುರಿಸಬೇಕು. ಊರಿನ ತಾಲೀಮು ಇಷ್ಟು ಬುದ್ಧಿವಂತಿಕೆಯದಾದರೆ ಮನೆಗೊಂದು ವ್ಯಾಯಾಮಶಾಲೆ ಏತಕ್ಕೆ, ಎಲ್ಲರೂ ತಾಲೀಮಿಗೇ ಹೋಗಬಾರದೇಕೆ ಎಂದು ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಅಲ್ಲಿ ಉಸ್ತಾದನ ಕಣ್ಣಿದೆ, ಜೊತೆಯವರಿದ್ದಾರೆ, ಮಣ್ಣಿದೆ. ಆದರೆ ಊರಿನ ಅರ್ಧ ಜನಕ್ಕೆ ಆ ಗಿಡ್ಡ ಬಾಗಿಲು ಮುಚ್ಚಿಯೇ ಇತ್ತೆಂಬುದನ್ನು ಮರೆಯಬಾರದು. ಹೆಣ್ಣುಮಕ್ಕಳಿಗೆ ಗರಡಿಯಲ್ಲಿ ಪ್ರವೇಶವಿರಲಿಲ್ಲ. ೧೯೫೨ರ ಹೆಲ್ಸಿಂಕಿ ಒಲಿಂಪಿಕ್ಕಿನಲ್ಲಿ ಖಾಶಾಬಾ ಜಾಧವರು ಕುಸ್ತಿಯಲ್ಲಿ ಕಂಚಿನ ಪದಕ ಪಡೆದ ೬೪ ವರ್ಷಗಳ ಮೇಲೆ, ೨೦೧೬ರಲ್ಲಿ, ಸಾಕ್ಷಿ ಮಲಿಕ್ ಅದೇ ಕುಸ್ತಿಯಲ್ಲಿ ಕಂಚು ಗೆದ್ದರು. ಮಣ್ಣಿಗೆ ಗಂಡು-ಹೆಣ್ಣೆಂಬ ಭೇದವಿಲ್ಲವೆಂಬುದಕ್ಕೆ ಬೇರೆ ಸಾಕ್ಷಿ ಬೇಕೆ? ಮನೆಯ ವ್ಯಾಯಾಮಶಾಲೆಯ ನಿಜವಾದ ಹಿರಿಮೆ ಅದರ ಯಂತ್ರಗಳಲ್ಲಿಲ್ಲ. ತಂಗಿಯೂ ತಾಯಿಯೂ ಅಲ್ಲಿಗೆ ಸಂಕೋಚವಿಲ್ಲದೆ ಇಳಿಯಬಹುದೆಂಬುದರಲ್ಲಿದೆ. ಅವರನ್ನು ಹೊರಗಿಟ್ಟು ಮಗನೊಬ್ಬನಿಗಾಗಿಯೇ ಕಟ್ಟುವ ಕೊಠಡಿಯನ್ನು ನಾವು ಸಮರ್ಥಿಸಲಾರೆವು.

ಇದೇನು ಶೋಕಿಯ ಪ್ರಶ್ನೆಯಲ್ಲ. ೨೦೨೩ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಲಿಯ ಅಧ್ಯಯನವು ದೇಶದಲ್ಲಿ ಸುಮಾರು ೧೦ ಕೋಟಿ ಜನರಿಗೆ ಸಕ್ಕರೆ ಕಾಯಿಲೆಯಿದೆಯೆಂದು ಅಂದಾಜು ಮಾಡಿತು. ಐದರಿಂದ ಹದಿನೇಳು ವರ್ಷದವರು ದಿನಕ್ಕೆ ಸರಾಸರಿ ೬೦ ನಿಮಿಷವಾದರೂ ಮೈ ಬೆವರುವಂತೆ ಚಟುವಟಿಕೆಯಲ್ಲಿರಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ೨೦೨೦ರಲ್ಲಿ ಸೂಚಿಸಿತು. ವರ್ಷದಲ್ಲಿ ಕೆಲವು ತಿಂಗಳು ಬೆಳಗಿನ ಒಂಬತ್ತು ಗಂಟೆಗೇ ಮೈದಾನ ಕಾದ ಹಂಚಾಗುವ ಸೀಮೆಯಲ್ಲಿ ಆ ೬೦ ನಿಮಿಷಗಳಿಗೆ ನೆರಳಿನ ಸ್ಥಳವೆಲ್ಲಿ? ಈ ಪ್ರಶ್ನೆಗೆ ಹಣವಂತನ ನೆಲಮಾಳಿಗೆ ಒಂದು ಮನೆಯ ಮಟ್ಟಿಗೆ ಉತ್ತರವಾದೀತು, ಊರಿನ ಮಟ್ಟಿಗಲ್ಲ.

ಆದುದರಿಂದ ನಮ್ಮ ಸಲಹೆ ಇದು. ಕಟ್ಟುವುದಾದರೆ ಆಳದ ನೆಲಮಾಳಿಗೆ ಬೇಡ. ಅರ್ಧ ಮಾತ್ರ ಹೂತ, ನೆಲದಿಂದ ನಾಲ್ಕು ಅಡಿ ಮೇಲಕ್ಕೆ ಎದ್ದು ಎದುರುಬದುರು ಗವಾಕ್ಷಿಗಳಿರುವ ಕೊಠಡಿ ಕಟ್ಟಿರಿ. ಇಂತಹ ಒಂದು ಕೊಠಡಿಯನ್ನು ಮನೆಮನೆಗೂ ಕಟ್ಟುವುದಕ್ಕಿಂತ ನಾಲ್ಕು ಮನೆಗಳಿಗೆ ಒಂದರಂತೆ ಕಟ್ಟುವುದು ಲೇಸು. ಅದಕ್ಕಿಂತಲೂ ಲೇಸಾದುದು ಸುಲೇಪೇಟದಂತಹ ಪ್ರತಿ ಊರಿನ ಪ್ರೌಢಶಾಲೆಯ ಅಂಗಳದಲ್ಲಿ, ಬಾಲಕರಿಗೂ ಬಾಲಕಿಯರಿಗೂ ವೇಳೆ ಹಂಚಿಕೊಟ್ಟು ನಡೆಸುವ ಗರಡಿ. ಅದಕ್ಕೆ ಬೇಕಾದ ಕಲ್ಲು, ಸುಣ್ಣ, ಮಣ್ಣುಗಳು ಈ ಸೀಮೆಯಲ್ಲಿಯೇ ದೊರೆಯುತ್ತವೆ.

ಹಿರಿಯರು ಕೈಹಾಕುವವರೆಗೆ ವಿದ್ಯಾರ್ಥಿಗಳು ಸುಮ್ಮನೆ ಕುಳಿತಿರಬೇಕಾಗಿಲ್ಲ. ಎರಡು ಉಷ್ಣಮಾಪಕಗಳನ್ನು ತೆಗೆದುಕೊಂಡು ಒಂದರ ಬುರುಡೆಗೆ ಒದ್ದೆ ಬಟ್ಟೆ ಸುತ್ತಿರಿ. ನಿಮ್ಮ ಮನೆಯ ಪಡಸಾಲೆ, ಮಾಳಿಗೆ, ನೆಲಮನೆ, ಶಾಲೆಯ ಕೊಠಡಿ ಇವುಗಳಲ್ಲಿ ಬೆಳಿಗ್ಗೆ ಆರಕ್ಕೂ ಮಧ್ಯಾಹ್ನ ಮೂರಕ್ಕೂ ಸಂಜೆ ಏಳಕ್ಕೂ ಎರಡರ ಅಂಕಿಗಳನ್ನು ಒಂದು ತಿಂಗಳು ಬರೆದಿಡಿರಿ. ಎರಡು ಅಂಕಿಗಳ ಅಂತರ ದೊಡ್ಡದಾಗಿರುವ ಕಡೆ ಬೆವರು ಆರುತ್ತದೆ. ಅಂತರ ಕುಗ್ಗಿದ ಕಡೆ ಆರುವುದಿಲ್ಲ. ಊರಿನಲ್ಲಿ ಎಲ್ಲಿ, ಯಾವ ಹೊತ್ತಿಗೆ ವ್ಯಾಯಾಮ ಮಾಡಬೇಕೆಂಬುದನ್ನು ಆ ಪಟ್ಟಿಯೇ ಹೇಳುತ್ತದೆ. ಮುಂದೆ ಪಂಚಾಯಿತಿಯ ಮುಂದೆಯೋ ಶಾಲೆಯ ಆಡಳಿತದ ಮುಂದೆಯೋ ಗರಡಿಯೊಂದನ್ನು ಬೇಡುವಾಗ ಬರಿಯ ಉತ್ಸಾಹದ ಮಾತುಗಳಿಗಿಂತ ಆ ಅಂಕಿಗಳ ಹಾಳೆಯನ್ನು ಕೈಯಲ್ಲಿ ಹಿಡಿದು ಹೋಗಿರಿ.